ಸೋಮಾರಿಯ ಲಾಳ

ರಕ್ಷಣಾ ಸಚಿವಾಲಯವೆಂದರೆ ಫಿರಂಗಿ, ವಿಮಾನ, ಭೂಪಟದ ಮುಂದೆ ಮೀಸೆ ತಿರುವುವ ಗಂಡಸರು ಎಂದುಕೊಂಡಿದ್ದರೆ ಅದನ್ನು ತಲೆಯಿಂದ ತೆಗೆದುಹಾಕಿ. ಯುದ್ಧ ಮಾಡುವುದು ಸೇನೆ. ಅದಕ್ಕೆ ಬನಿಯನ್ನಿನಿಂದ ಹಿಡಿದು ಬಾಂಬಿನವರೆಗೆ ಒದಗಿಸುವುದು, ಅದು ಸರ್ಕಾರದ ಮಾತು ಮೀರದಂತೆ ನೋಡಿಕೊಳ್ಳುವುದು ಸಚಿವಾಲಯ. ನಾನು ಅಲ್ಲಿ ಉಡುಪು ವಿಭಾಗದ ಮುಖ್ಯಸ್ಥೆ. ಬೆನ್ನ ಹಿಂದೆ ನನ್ನನ್ನು ಒಣಮೆಣಸಿನಕಾಯಿ ಅನ್ನುತ್ತಾರೆ. ಅನ್ನಲಿ, ನನಗೇನೂ ಬೇಜಾರಿಲ್ಲ.

ಆ ವರ್ಷ ಸೇನೆಗೆ ಮೊದಲ ಬಾರಿ ಹೆಣ್ಣುಮಕ್ಕಳನ್ನು ತೆಗೆದುಕೊಂಡಿದ್ದರು. ಅವರಲ್ಲಿ ನನ್ನ ಅಕ್ಕನ ಮಗಳೂ ಒಬ್ಬಳು. ಒಂದು ಭಾನುವಾರ ತರಬೇತಿಯಿಂದ ನಮ್ಮ ಮನೆಗೆ ಬಂದವಳು ಸೋಫಾದ ಮೇಲೆ ಕೂತು ಕಾಲುಚೀಲ ಬಿಚ್ಚಿದಳು. ಅಯ್ಯೋ ದೇವರೇ! ಹಿಮ್ಮಡಿಯಲ್ಲಿ ಚರ್ಮವೇ ಇರಲಿಲ್ಲ.

“ಗಂಡಸರ ಬೂಟು, ಚಿಕ್ಕಮ್ಮ. ಅದರಲ್ಲೇ ಚಿಕ್ಕದು ಕೊಟ್ಟಿದ್ದಾರೆ. ಹತ್ತಿ ತುರುಕಿದ್ರೂ ಒಳಗೆ ಕಾಲು ಓಡಾಡುತ್ತೆ. ನಡೀವಾಗ ದೇಶ ಗೀಶ ಏನೂ ನೆನಪಾಗಲ್ಲ. ಬರೀ ಕಾಲು, ಕಾಲು, ಕಾಲು.”

“ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?”

“ಹೇಳ್ದೆ. ಹೆಣ್ಣುಮಕ್ಕಳ ಕೈಲಿ ಆಗಲ್ಲ ಅಂತ ನಾವು ಮೊದಲೇ ಹೇಳಿರ್ಲಿಲ್ವಾ ಅಂದ್ರು. ಕೊನೇ ಪರೀಕ್ಷೆ ಗುಡ್ಡ ಹತ್ತಿ ಇಳಿಯೋದು. ಅದರಲ್ಲಿ ಕೂತುಬಿಟ್ರೆ ನಮ್ಮನ್ನೆಲ್ಲಾ ಮನೆಗೆ ಕಳಿಸ್ತಾರೆ.”

ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು! ಹುಡುಗಿಯರಿಗೆ ಬೇರೆ ಬೂಟು ಹೊಲಿಸಬೇಕು ಎಂದು ನಾನು ಎಷ್ಟು ಬಾರಿ ಬಡಿದುಕೊಂಡರೂ ಸೇನೆಯ ಜನರಲ್ ಸಾಹೇಬರು “ಮುಂದೆ ನೋಡೋಣ” ಅನ್ನುತ್ತಲೇ ಬಂದಿದ್ದರು.

ಮಾರನೆಯ ದಿನ ಸಚಿವರ ಕೋಣೆಯಲ್ಲಿ ಸಭೆ. ಜನರಲ್ ಸಾಹೇಬರು ಮೊದಲೇ ಗರಂ ಆಗಿದ್ದರು. “ಸೇನೆ ಏನು ಚಪ್ಪಲಿ ಅಂಗಡೀನಾ ಮೇಡಂ? ಒಬ್ಬೊಬ್ಬರ ಕಾಲಿಗೆ ಒಂದೊಂದು ಅಳತೆ ತಗೊಳ್ಳೋದು ನಮ್ಮ ಇತಿಹಾಸದಲ್ಲೇ ಇಲ್ಲ.”

ಇತಿಹಾಸವಂತೆ! ಬನ್ನಿ ದಾರಿಗೆ ಎಂದುಕೊಂಡೆ.

“ಎಲ್ಲರೂ ಒಂದು ನಿಮಿಷ ಹೊರಗೆ ಬರ್ತೀರಾ ಸರ್?”

ನಮ್ಮ ಕಟ್ಟಡ ಎದ್ದಾಗ ಅದು ಯುದ್ಧ ಸಚಿವಾಲಯ. ಯುದ್ಧದಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡ ಮೇಲೆ ‘ರಕ್ಷಣಾ’ ಎಂದು ಹೆಸರು ಬದಲಾಯಿಸಿದರು. ಮೊದಮೊದಲು ಕುದುರೆ ನೋಡಿಕೊಳ್ಳುವುದೇ ಅದರ ದೊಡ್ಡ ಕೆಲಸ. ಆ ಕಾಲದ ಲಾಳಗಳು ಮೊಗಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿವೆ. ಎಲ್ಲರೂ ದಿನಾ ಅದರ ಪಕ್ಕದಲ್ಲೇ ಹೋಗುತ್ತಾರೆ, ನೋಡುವವರಿಲ್ಲ. ಒಂದೊಂದು ಲಾಳವೂ ಒಂದೊಂದು ಅಳತೆ, ಕೆಳಗೆ ಹಿತ್ತಾಳೆಯಲ್ಲಿ ಕುದುರೆಯ ಹೆಸರು. ಮಿಂಚು. ಸಿಡುಕ. ಸೋಮಾರಿ. ಆ ಪೆಟ್ಟಿಗೆಯ ಮುಂದೆ ಎಲ್ಲರನ್ನೂ ನಿಲ್ಲಿಸಿದೆ.

“ಕುದುರೆ ಕುಂಟಿದ್ರೆ ಹಿಂದಿನವರು ಕುದುರೇನ ಬೈತಾ ಕೂರ್ತಿರ್ಲಿಲ್ಲ ಸರ್, ಲಾಳ ಬದಲಾಯಿಸ್ತಿದ್ರು. ಸೋಮಾರಿ ಅನ್ನೋ ಕುದುರೆಗೂ ಅಳತೆ ತಗೊಂಡ ಸಚಿವಾಲಯ ಇದು. ನಮ್ಮ ಹೆಣ್ಣುಮಕ್ಕಳು ಅದಕ್ಕಿಂತ ಕಡೆಯಾದ್ರಾ? ಅವರಲ್ಲಿ ನನ್ನ ಅಕ್ಕನ ಮಗಳೂ ಇದ್ದಾಳೆ, ಮುಚ್ಚಿಡಲ್ಲ. ಅವಳನ್ನ ಪಾಸ್ ಮಾಡಿ ಅಂತ ಕೇಳ್ತಿಲ್ಲ. ಸರಿಯಾದ ಬೂಟು ಕೊಟ್ಟು ಆಮೇಲೆ ಬೇಕಿದ್ರೆ ಫೇಲ್ ಮಾಡಿ!”

ಸಚಿವರು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅವರಿಗೆ ನಗು ತಡೆಯಲಾಗಲಿಲ್ಲ. “ಏನ್ರೀ ಜನರಲ್, ಸೋಮಾರೀನೇ ಗೆದ್ಬಿಡ್ತಲ್ಲ!”

ಜನರಲ್ ಇಂಗು ತಿಂದ ಮಂಗನಂತಾದರು. ಆದರೂ ಅವರ ದೊಡ್ಡತನ ಹೇಳಬೇಕು. ಅಲ್ಲೇ ನಿಂತು, “ಹೊಲಿಸಿ” ಎಂದರು.

ಕಾರ್ಖಾನೆಯವರನ್ನು ತರಬೇತಿ ಮೈದಾನಕ್ಕೇ ಎಳೆದು ತಂದು ಅಳತೆ ತೆಗೆಸಿದೆ. ಹೊಸ ಬೂಟು ಕಾಲಿಗೆ ಪಳಗುವಷ್ಟರಲ್ಲಿ ಪರೀಕ್ಷೆಯ ದಿನ ಬಂತು.

ಗುಡ್ಡದ ಬುಡದಲ್ಲಿ ಜನರಲ್ ಪಕ್ಕದಲ್ಲೇ ನಿಂತಿದ್ದೆ. ಗಂಡುಮಕ್ಕಳ ಗುಂಪು ಇಳಿದು ಬಂತು. ಅವರ ಬೆನ್ನಿಗೇ, ಹೊರೆ ಹೊತ್ತು, ಕೆಸರು ಮೆತ್ತಿಕೊಂಡು, ಗಂಟಲು ಹರಿಯುವಂತೆ ಹಾಡುತ್ತಾ ನಮ್ಮ ಹುಡುಗಿಯರು! ಒಬ್ಬಳೂ ಹಿಂದೆ ಉಳಿದಿರಲಿಲ್ಲ. ಹುದ್ದೆ ಗಿದ್ದೆ ಮರೆತು ಕೂಗಿಬಿಟ್ಟೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಜನರಲ್ ನನ್ನ ಅಕ್ಕನ ಮಗಳನ್ನು ನಿಲ್ಲಿಸಿದರು. “ಕಾಲು ಹೇಗಿದೆಯಮ್ಮಾ?”

ಅವಳು ತಬ್ಬಿಬ್ಬಾಗಿ ಕೆಳಗೆ ನೋಡಿಕೊಂಡಳು.

“ಕಾಲಾ? ಅದು ನೆನಪಿಗೇ ಬರ್ಲಿಲ್ಲ ಸರ್.”