ತಪ್ಪು ಸೀಲು, ಸರಿಯಾದ ಚೌಕ

ತೈನಾನ್ ಪಟ್ಟಣದ ನಮ್ಮ ಕೇರಿಗೆ ಕಿಮ್‌ಸುಯ್ ಇಪ್ಪತ್ತು ವರ್ಷ ಚುನಾಯಿತ ಮುಖ್ಯಸ್ಥನಾಗಿದ್ದ. ಅಷ್ಟೂ ವರ್ಷ ಮಾಡಿದ್ದು ಒಂದೇ ಕೆಲಸ: ಸೀಲು ಹಾಕಿದ್ದು. ಹೆಂಡತಿ ಸಿಯೂಚು ಕಾಗದ ಮುಂದಿಡುವಳು, ಇವನು ಟೀವಿಯಿಂದ ಕಣ್ಣು ತೆಗೆಯದೆ ತನ್ನ ಹೆಸರಿನ ಪುಟ್ಟ ಮರದ ಸೀಲನ್ನು ಕೆಂಪು ಮಸಿಗೆ ಅದ್ದಿ ಟಪ್ಪೆಂದು ಒತ್ತುವನು. ಬೀದಿದೀಪ ಕೆಟ್ಟರೆ ಫೋನು ಮಾಡುವವಳು, ಸತ್ತವರ ಮನೆಗೆ ಮೊದಲು ಓಡುವವಳು, ಡೆಂಗಿ ಔಷಧಿ ಹೊಡೆಯುವವರಿಗೆ ಮನೆಮನೆ ತೋರಿಸುವವಳು ಅವಳು. ಇವನು ಬರೀ ಉತ್ಸವಮೂರ್ತಿ, ಮದುವೆ ಊಟಕ್ಕೆ ಮುಂದಿನ ಮೇಜು.

ಅವರ ಎದುರಿಗೇ ಸೋಯಾ ಹಾಲಿನ ಅಂಗಡಿ ಇಟ್ಟಿರುವ ನಾನು ದಿನವೂ ಇದನ್ನು ನೋಡಿ ಹೊಟ್ಟೆ ಉರಿಸಿಕೊಂಡವಳು. ಹಾಗಾಗಿ ಈ ಸಲ ಸಿಯೂಚು ಗಂಡನ ಎದುರೇ ಚುನಾವಣೆಗೆ ನಿಂತಾಗ, ಬಂದ ಗಿರಾಕಿಗಳ ಹತ್ತಿರವೆಲ್ಲ ಪ್ರಚಾರ ಮಾಡಿದೆ. ಯಾರ ಹೆಸರನ್ನೂ ಎತ್ತಲಿಲ್ಲ, ಹುಬ್ಬು ಮಾತ್ರ ಎತ್ತಿದೆ.

“ಯಾಕೆ ನಿಂತೆ ಮಾರಾಯ್ತಿ?” ಎಂದು ಅವಳನ್ನು ಕೇಳಿದೆ.

“ಬಾಗಿಲ ಮೇಲಿನ ಮುಖ್ಯಸ್ಥರ ಬೋರ್ಡಲ್ಲಿ ಒಂದ್ಸಲ ನನ್ನ ಹೆಸ್ರು ಓದ್ಬೇಕು ಅಕ್ಕಾ, ಅಷ್ಟೆ. ಸತ್ತ ಮೇಲೆ ಗೋರಿ ಕಲ್ಲಲ್ಲಿ ಎಲ್ರದೂ ಬರೆಸ್ತಾರೆ.”

ಕಿಮ್‌ಸುಯ್ ಹಿಂದೆ ಸರಿಯಲಿಲ್ಲ. “ಸರಿದ್ರೆ ಹೆಂಡ್ತಿಗೆ ಹೆದರಿದ ಅಂತಾರೆ,” ಎಂದ.

“ಈಗ ಅನ್ನಲ್ವಾ?” ಎಂದೆ ನಾನು.

ಒಂದೇ ಮನೆಯ ಮಹಡಿಗೆ ಅವನ ಬ್ಯಾನರ್, ಕೆಳಗಿನ ಷಟರಿಗೆ ಅವಳದು. ಷಟರ್ ಎತ್ತಿದರೆ ಅವಳ ಮುಖ ಸುತ್ತಿಕೊಂಡು ಒಳಗೆ ಹೋಗುತ್ತಿತ್ತು. ಆ ತಿಂಗಳಿಡೀ ಅವನು ಹೊತ್ತು ಹುಟ್ಟುವ ಮೊದಲೇ ಎದ್ದು ಷಟರ್ ಎತ್ತುತ್ತಿದ್ದ. ತೈವಾನಿನ ಅಧ್ಯಕ್ಷರ ಚುನಾವಣೆ ಬಂದರೆ ಹಸಿರು ಪಕ್ಷ, ನೀಲಿ ಪಕ್ಷ ಎಂದು ನನ್ನ ಅಂಗಡಿಯಲ್ಲೇ ಬೆನ್ನು ತಿರುಗಿಸಿ ಕೂರುವ ಗಂಡಸರು ಈಗ ಬಣ್ಣ ಮರೆತು ಒಂದಾದರು: ಅಂಗಡಿಯಲ್ಲಿ ಗಂಡನ ಪಕ್ಷ, ಮನೆಗೆ ಹೋದರೆ ಹೆಂಡತಿ ಪಕ್ಷ.

ಮತ ಹಾಕಲು ಹೋಗುವಾಗ ನಾವು ನಮ್ಮ ನಮ್ಮ ಹೆಸರಿನ ಸೀಲು ಒಯ್ಯುತ್ತೇವೆ. ಮತದಾರರ ಪಟ್ಟಿಯಲ್ಲಿ ಸಹಿಯ ಬದಲು ಅದನ್ನು ಒತ್ತುವುದು ರೂಢಿ. ಆದರೆ ಮರೆಯೊಳಗೆ ಹೋದ ಮೇಲೆ ಮತಪತ್ರಕ್ಕೆ ಒತ್ತಬೇಕಾದದ್ದು ಅಲ್ಲಿಟ್ಟಿರುವ ದುಂಡನೆಯ ಸರ್ಕಾರಿ ಸೀಲು. ಸ್ವಂತದ್ದು ಒತ್ತಿದರೆ ಮತ ರದ್ದು. ಇದನ್ನು ಶಾಲೆಯ ಮಕ್ಕಳೂ ಬಲ್ಲರು.

ಸಂಜೆ ನಾಲ್ಕಕ್ಕೆ, ಮತ ಹಾಕಿದ ಶಾಲೆಯ ಕೋಣೆಯಲ್ಲೇ ಎಣಿಕೆ. ಕೇರಿಯೆಲ್ಲ ಹಿಂದೆ ನಿಂತು ನೋಡುತ್ತಿತ್ತು. ಒಬ್ಬಳು ಒಂದೊಂದೇ ಮತಪತ್ರವನ್ನು ತಲೆಯ ಮೇಲೆತ್ತಿ ತೋರಿಸಿ ಕೂಗುವಳು, ಇನ್ನೊಬ್ಬ ಗೋಡೆಯ ಹಾಳೆಯ ಮೇಲೆ ಗೆರೆ ಎಳೆಯುವನು. “ಒಂದನೇ ನಂಬರು, ಒಂದು ಮತ.” ಅದು ಅವನದು. “ಎರಡನೇ ನಂಬರು, ಒಂದು ಮತ.” ಅದು ಅವಳದು. ಎರಡು ಸಾಲೂ ಜೊತೆಜೊತೆಗೇ ಬೆಳೆದವು. ಸಿಯೂಚು ನನ್ನ ಕೈ ಹಿಂಡಿ ಹಿಪ್ಪೆ ಮಾಡಿದಳು. ಕೊನೆಗೆ ಇಬ್ಬರೂ ಸಮ, ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಮತ.

ಕೂಗುವವಳು ಅದನ್ನು ಮೇಲೆತ್ತಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಸಿಯೂಚುವಿನ ಚೌಕದಲ್ಲಿ ಅಚ್ಚುಕಟ್ಟಾಗಿ ಒಂದು ಕೆಂಪು ಸೀಲು. ದುಂಡಗಿನ ಸರ್ಕಾರಿ ಸೀಲಲ್ಲ. ಇಪ್ಪತ್ತು ವರ್ಷದಿಂದ ಕೇರಿಯ ಪ್ರತಿಯೊಂದು ಕಾಗದದ ಮೇಲೂ ನಾವು ನೋಡಿದ್ದ ಹೆಸರು: ಕಿಮ್‌ಸುಯ್.

“ಅಸಿಂಧು,” ಎಂದಳು ಕೂಗುವವಳು, ನಗು ತಡೆದುಕೊಂಡು. ಉಳಿದ ನಾವು ಯಾರೂ ತಡೆದುಕೊಳ್ಳಲಿಲ್ಲ. ಕಿಮ್‌ಸುಯ್ ಕಿಟಕಿಯಾಚೆಯ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ನಗದೆ ಇದ್ದವಳು ಸಿಯೂಚು ಒಬ್ಬಳೇ. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

“ರೀ,” ಎಂದಳು. “ಮದ್ವೆಯಾದಾಗ್ಲಿಂದ ಇವತ್ತೇ ನೀವು ಸರಿಯಾದ ಜಾಗಕ್ಕೆ ಒತ್ತಿದ್ದು. ಅದೂ ತಪ್ಪು ಸೀಲು.”

“ಕೈ ರೂಢಿ ಕಣೇ,” ಎಂದ ಅವನು, ಕಿಟಕಿಯ ಕಡೆಗೇ.

ಸಮವಾದರೆ ಚೀಟಿ ಎತ್ತಿಸುವುದು ನಮ್ಮಲ್ಲಿ ಕಾನೂನು. ಚುನಾವಣಾ ಕಚೇರಿಯಲ್ಲಿ ಇಬ್ಬರೂ ಎತ್ತಿದರು, ಗೆಲುವಿನ ಚೀಟಿ ಸಿಯೂಚುವಿಗೆ ಬಂತು. ಹಳೆಯ ಬೋರ್ಡು ಬಿಚ್ಚಿ ಹೊಸದನ್ನು ಹಾಕಿದವನೂ ಕಿಮ್‌ಸುಯ್‌ನೇ, ಸ್ವಲ್ಪ ಸೊಟ್ಟಗೆ. ಅವಳು ನನ್ನ ಅಂಗಡಿಯ ಮುಂದೆ ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಇನ್ನೊಂದು ಸಲ ಓದಿದಳು.

ಆದರೆ ಅವನ ಪಾಡು ನೋಡಲಾಗಲಿಲ್ಲ. ನನ್ನ ಅಂಗಡಿಯಲ್ಲಿ ಕೂತು, ಸೋಯಾ ಹಾಲು ತಣ್ಣಗಾಗುವವರೆಗೂ ಆ ಮರದ ಸೀಲನ್ನು ಬೆರಳಲ್ಲಿ ಉರುಳಿಸುವನು. ಯಾರೂ ಕಾಗದ ತರುತ್ತಿರಲಿಲ್ಲ. ಇಷ್ಟು ವರ್ಷ ಅವನನ್ನು ಬೈದುಕೊಂಡೇ ಬಂದ ನನಗೂ ಅಯ್ಯೋ ಪಾಪ ಅನಿಸಿತು.

ಒಂದು ಬೆಳಿಗ್ಗೆ ಸಿಯೂಚು ಬಂದು ಅವನ ಮುಂದೆ ಒಂದು ಕಾಗದ ಇಟ್ಟಳು. ಅವನ ಮುಖ ಅರಳಿತು. ಅಂಗಡಿಯ ಟೀವಿಯಿಂದ ಕಣ್ಣು ತೆಗೆಯದೆ ಟಪ್ಪೆಂದು ಒತ್ತಿದ.

“ಈಗ ಓದಿ,” ಎಂದಳು ಅವಳು.

ಅವನು ಕನ್ನಡಕ ಹುಡುಕಿ ಹಾಕಿಕೊಂಡ. ನಾನೂ ಹೆಗಲ ಮೇಲಿಂದ ಇಣುಕಿದೆ. ಕೇರಿಯ ಮುಖ್ಯಸ್ಥರು ಓಣಿಗೊಬ್ಬ ಸಹಾಯಕನನ್ನು ಆರಿಸಬೇಕು. ಚರಂಡಿ, ಬೀದಿನಾಯಿ, ನೀರು ನಿಂತ ಹೂಕುಂಡ ಎಂದು ಮನೆಮನೆಯ ಬಾಗಿಲು ತಟ್ಟಿ ಬೈಸಿಕೊಳ್ಳುವ ಕೆಲಸ. ನಮ್ಮ ಓಣಿಗೆ ಯಾರೂ ಸಿಕ್ಕಿರಲಿಲ್ಲ. ‘ಒಪ್ಪಿದ್ದೇನೆ’ ಎಂಬಲ್ಲಿ ಕಿಮ್‌ಸುಯ್‌ನ ಹೆಸರು, ಮಸಿ ಇನ್ನೂ ಒದ್ದೆ.

“ಇದು ಮೋಸ,” ಎಂದ.

“ಸೀಲು ನಿಮ್ದೇ ತಾನೆ? ಈ ಸಲ ಸಿಂಧು.”

ಅವನು ತಣ್ಣಗಾದ ಹಾಲನ್ನು ಒಂದೇ ಗುಟುಕಿಗೆ ಕುಡಿದು ಎದ್ದು ನಿಂತ.

“ಮೊದ್ಲು ಯಾರ ಮನೆಗೆ ಹೋಗ್ಲಿ, ಮುಖ್ಯಸ್ಥರೇ?”

ಅವನ ಬಾಯಲ್ಲಿ ಆ ಮಾತು ಮೊದಲ ಸಲ ಬಂದದ್ದು. ಸಿಯೂಚು ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

“ನಮ್ಮನೇಗೆ,” ಎಂದಳು. “ಹಿತ್ತಲ ಬಕೆಟ್ಟಲ್ಲಿ ವಾರದಿಂದ ನೀರು ನಿಂತಿದೆ.”