ಗೆಳತಿಗೆ ಕೊಟ್ಟ ಬುದ್ಧಿಮಾತು

ಕೂದಲು ಕತ್ತರಿಸಿಕೊಳ್ಳಲು ಕೂತಿದ್ದ ಹಳೆಯ ಗೆಳತಿ ಕನ್ನಡಿಯಲ್ಲಿ ಕಣ್ಣು ತಪ್ಪಿಸುತ್ತ ಕೇಳಿದಳು: “ಅವನು ಮದುವೆ ಮಾತೇ ಎತ್ತಲ್ಲ ಕಣೇ. ಮೂರು ವರ್ಷ ನಿನ್ನ ಜೊತೆಗಿದ್ದೋನು, ಏನು ಮಾಡಿದ್ರೆ ಒಲೀತಾನೆ?”

ಅವನನ್ನು ತನ್ನಿಂದ ಕಸಿದುಕೊಂಡವಳೇ ಹೀಗೆ ಕೇಳಿದಾಗ ಪಾರ್ಲರಿನವಳ ಕತ್ತರಿ ಒಂದು ಗಳಿಗೆ ನಿಂತಿತು. ಅವನ ನಾಡಿ ಅವಳಿಗೆ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ ತಾಯಿ ಮುನಿದು ವಾರಗಟ್ಟಲೆ ಮಾತು ಬಿಡುತ್ತಿದ್ದಳಂತೆ. ಇವನು ಅಳುತ್ತ ಬೆನ್ನು ಹತ್ತುತ್ತಿದ್ದನಂತೆ. ಇಂದಿಗೂ ಮುಖ ತಿರುಗಿಸಿದವರ ಹಿಂದೆಯೇ ಅವನ ಓಟ. ಕರೆದು ಮಣೆ ಹಾಕಿದವರು ಅವನಿಗೆ ಅಗ್ಗ.

“ಬಿಗುಮಾನ ಬಿಡೇ,” ಎಂದಳು, ನವಿರಾಗಿ ಬಾಚುತ್ತ. “ದಿನಕ್ಕೆ ಹತ್ತು ಸಲ ಫೋನ್ ಮಾಡು. ನೀನಿಲ್ದೆ ಬದುಕಲ್ಲ ಅನ್ನು.”

“ಅಷ್ಟೇನಾ?”

“ಅಷ್ಟೇ. ನಾನೂ ಹಾಗೇ ಮಾಡ್ತಿದ್ದೆ.”

ಹಾಗೆ ಮಾಡಿಯೇ ಅವಳು ಅವನನ್ನು ಕಳೆದುಕೊಂಡಿದ್ದಳು.