ಸುಮ್ಮನಿದ್ದವರ ಒಪ್ಪಿಗೆ

ಪರೀಕ್ಷೆಗೆ ಅರ್ಜಿ ಹಾಕಲು ಶುಕ್ರವಾರ ಸಂಜೆ ಐದು ಗಂಟೆ ಕೊನೆ. ಗುರುವಾರ ಬೆಳಿಗ್ಗೆಯಿಂದಲೇ ಅವಳು ಖಾಲಿ ಅರ್ಜಿಯನ್ನು ತೆರೆದು ಮುಚ್ಚುತ್ತಿದ್ದಳು.

ಹನ್ನೊಂದು ವರ್ಷದಿಂದ ಅವಳು ಪ್ರಾಜೆಕ್ಟ್ ಮ್ಯಾನೇಜರ್. ಯಾರು ಯಾವ ಕೆಲಸವನ್ನು ಯಾವಾಗ ಮುಗಿಸಬೇಕೆಂಬುದು ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈಗ ಆಫೀಸು ಹೊಸ ರಾಗ ತೆಗೆದಿತ್ತು: ಗಿರಾಕಿಗಳ ಬೇಕುಬೇಡಗಳನ್ನು ಕೇಳಿ ಬರೆಯುವ ಬಿಸಿನೆಸ್ ಅನಾಲಿಸಿಸ್ ಕೆಲಸವೂ ಇನ್ನು ಮ್ಯಾನೇಜರುಗಳದ್ದೇ, ಅದಕ್ಕೆ ಸರ್ಟಿಫಿಕೇಟು ಬೇಕು. ಪರೀಕ್ಷೆಗಳು ಎರಡು. ಚಿಕ್ಕದು ಹೊಸಬರಿಗೆ, ಅನುಭವ ಕೇಳುವುದಿಲ್ಲ. ದೊಡ್ಡದಕ್ಕೆ ಮೂರು ಸಾವಿರ ಗಂಟೆ ಆ ಕೆಲಸ ಮಾಡಿದ್ದನ್ನು ತೋರಿಸಿ, ಗಿರಾಕಿಗಳಿಂದ ಸಹಿ ತರಬೇಕು.

“ದೊಡ್ಡದನ್ನೇ ಬರೀರಿ,” ಎಂದಿದ್ದರು ಮೇಲಧಿಕಾರಿ. “ಚಿಕ್ಕದು ಹಿಡ್ಕೊಂಡು ಬಂದ್ರೆ ಮೇಲಿನವರ ಮುಂದೆ ನಿಮ್ಮ ಪರ ಏನಂತ ಮಾತಾಡ್ಲಿ?”

ಹೋದ ತಿಂಗಳು ಇಬ್ಬರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಒಬ್ಬಳ ಮೇಜಿನ ಮೇಲೆ ಕುಂಡದ ಗಿಡ ಇನ್ನೂ ಒಣಗುತ್ತ ನಿಂತಿತ್ತು. ಇವಳು ಆ ಕಡೆ ನೋಡದೆ ದಾಟುತ್ತಿದ್ದಳು.

ಗಂಟೆಗಳು ಸಾಲುತ್ತಿಲ್ಲವೆಂದು ಗಂಡನ ಹತ್ತಿರ ಅಲವತ್ತುಕೊಂಡಿದ್ದಳು. “ಮನೇಲಿ ನನ್ನಿಂದ ಕೆಲಸ ಮಾಡಿಸಿದ್ದನ್ನೂ ಸೇರಿಸ್ಕೋ, ನಾನೇ ಸಹಿ ಹಾಕ್ತೀನಿ” ಎಂದಿದ್ದ ಅವನು. ಅವಳಿಗೆ ನಗು ಬರಲಿಲ್ಲ. ಹಿಂದೆ ಮಾಡಿದ್ದ ಆಸ್ಪತ್ರೆಯ ಪ್ರಾಜೆಕ್ಟನ್ನು ಸೇರಿಸಿದರೆ ಮಾತ್ರ ಲೆಕ್ಕ ಮುಟ್ಟುತ್ತಿತ್ತು. ಆ ಸಾಲನ್ನು ಬರೆದು ಬರೆದು ಅಳಿಸುತ್ತಿದ್ದಳು.

ಅವಳಿಗೊಂದು ಅಭ್ಯಾಸವಿತ್ತು. ಮೀಟಿಂಗ್ ಮುಗಿಯುವಾಗ “ಯಾರದ್ದೂ ತಕರಾರಿಲ್ಲ ಅಲ್ವಾ?” ಎನ್ನುವಳು. ಮನಸ್ಸಿನಲ್ಲೇ ಮೂರು ಎಣಿಸುವಳು. ಯಾರೂ ಬಾಯಿ ಬಿಡದಿದ್ದರೆ “ಎಲ್ಲರೂ ಒಪ್ಪಿದರು” ಎಂದು ಮೀಟಿಂಗ್ ಪುಸ್ತಕದಲ್ಲಿ ಬರೆದುಬಿಡುವಳು. ಅವಳ ಪ್ರಾಜೆಕ್ಟುಗಳು ಹೇಳಿದ ದಿನಕ್ಕೆ ಮುಗಿಯುತ್ತಿದ್ದದ್ದೇ ಹಾಗೆ. ಆಸ್ಪತ್ರೆಯಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಚ್ಚಾಗುವ ಏರ್ಪಾಟಿಗೂ ಹಾಗೆಯೇ ಬರೆದಿದ್ದಳು. ಹಿರಿಯ ನರ್ಸ್ ಅಂದು ದೊಡ್ಡ ಡಾಕ್ಟರ ಪಕ್ಕದಲ್ಲಿ ತುಟಿ ಬಿಗಿದು ಕೂತಿದ್ದರು. ಮೊದಲ ವಾರವೇ ಒಂದೇ ಹೆಸರಿನ ಇಬ್ಬರು ರೋಗಿಗಳ ಚೀಟಿ ಅದಲುಬದಲಾಯಿತು. ಆ ನರ್ಸೇ ಕಂಡುಹಿಡಿದು ಸೀಸೆಗಳನ್ನು ತಡೆದರು. ಯಾರಿಗೂ ಏನೂ ಆಗಲಿಲ್ಲ. ಅವಳು ಮಾತ್ರ ಮತ್ತೆ ಆ ವಾರ್ಡಿಗೆ ಕಾಲಿಡಲಿಲ್ಲ.

ಈಗ ಸಹಿ ಬೇಕಾಗಿದ್ದದ್ದು ಆ ಏರ್ಪಾಟನ್ನು ಬಳಸುವ ಅದೇ ನರ್ಸಿನದು. ಶುಕ್ರವಾರ ಮಧ್ಯಾಹ್ನ ಖಾಲಿ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದಳು. ಅರ್ಜಿಯ ವಿಷಯ ಹೇಳಿ ಸಹಿ ಕೇಳಿದಳು.

ಆ ಕಡೆಯಿಂದ ಬೈಗುಳ ಬರಲಿಲ್ಲ. ಅದರಿಂದಲೇ ಅವಳಿಗೆ ಇನ್ನೂ ಭಯವಾಯಿತು.

“ನಮ್ಮನ್ನ ಕೇಳಿ ಬರೆದ್ರಿ ಅಂತ ಸಹಿ ಹಾಕಬೇಕಾ?”

“ಹೌದು, ಸಿಸ್ಟರ್.”

“ನೀವು ಕೇಳಿದ್ದು ಡಾಕ್ಟರನ್ನ, ಮೇಡಂ. ನನ್ನ ಕಡೆ ಬರೀ ನೋಡಿದ್ರಿ. ಆ ಮನುಷ್ಯನ ಎದುರಿಗೆ ನಾನು ಬಾಯಿ ಬಿಡೋದುಂಟಾ? ಆಚೆ ಬಂದ ಮೇಲಾದ್ರೂ ಕೇಳ್ತೀರೇನೋ, ಒಂದೇ ಹೆಸರಿನವರ ವಿಷಯ ಹೇಳೋಣ ಅಂತ ಮೆಟ್ಟಿಲ ಹತ್ರ ಕಾದಿದ್ದೆ. ನೀವು ಫೋನಲ್ಲಿ ಮಾತಾಡ್ತಾ ಇಳಿದು ಹೋದ್ರಿ.”

ಸಹಿ ಹಾಕುವುದಿಲ್ಲ ಎಂದು ಅವರು ಹೇಳಲಿಲ್ಲ. ಹಾಕುತ್ತೇನೆ ಎಂದೂ ಹೇಳಲಿಲ್ಲ. ಅವಳ ಮನಸ್ಸು ತನ್ನಷ್ಟಕ್ಕೆ ಎಣಿಸತೊಡಗಿತು. ಒಂದು, ಎರಡು. ಅಲ್ಲಿಗೆ ನಿಲ್ಲಿಸಿದಳು.

“ಸಹಿ ಬೇಡ, ಸಿಸ್ಟರ್. ತಪ್ಪಾಯ್ತು,” ಎಂದಳು.

ನಾಲ್ಕೂ ಮುಕ್ಕಾಲಿಗೆ ಚಿಕ್ಕ ಪರೀಕ್ಷೆಯ ಅರ್ಜಿ ತುಂಬಿ ಕಳಿಸಿದಳು. ಅದರ ಪ್ರತಿ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದಳು. ಯಾಕೆ ದೊಡ್ಡದಲ್ಲ ಎಂಬುದನ್ನು, ನರ್ಸ್ ಹೇಳಿದ್ದನ್ನೂ ಬಿಡದೆ, ಹೇಳಿದಳು. ಅವರು ಕಾಗದ ಓದಿ, ಕನ್ನಡಕ ತೆಗೆದು, ಕಿಟಕಿಯಾಚೆ ನೋಡುತ್ತ ಕೂತರು. ಹಿಂದಾಗಿದ್ದರೆ ಇಷ್ಟೇ ಸಾಕೆಂದು ಹಿಂತಿರುಗಿಬಿಡುತ್ತಿದ್ದಳು.

“ಸರ್, ನೀವು ಸುಮ್ಮನಿದ್ದೀರಿ. ಅದನ್ನ ನಾನು ಒಪ್ಪಿಗೆ ಅಂತ ಬರ್ಕೊಳ್ಳಲ್ಲ. ನನ್ನನ್ನ ಇಟ್ಕೊಳ್ತೀರೋ ಇಲ್ವೋ, ಬಾಯಿಬಿಟ್ಟು ಹೇಳಿ.”

“ಈಗ್ಲೇ ಹೇಗೆ ಹೇಳ್ಲಿ? ಸೋಮವಾರ ಮೇಲಿನವರನ್ನ ಕೇಳಿ ಹೇಳ್ತೀನಿ.”

ಅವಳು ನಿಂತಲ್ಲೇ ಮೀಟಿಂಗ್ ಪುಸ್ತಕ ತೆರೆದು, ಅವರ ಕಣ್ಣೆದುರಿಗೇ ಬರೆದಳು: ಇನ್ನೂ ಒಪ್ಪಿಲ್ಲ. ಸೋಮವಾರ.